ಉಣಕಲ್ ನಾಲಾದಲ್ಲಿ ಒಂದೂಕಾಲು ಲಕ್ಷ ಚೀಲ ಯೂರಿಯಾ

ಪೆನ್ನು, ಹಾಳಿ ಹತ್ತಿರ ಇದ್ದರೆ ಎತ್ತಿಕೊಳ್ಳಿ, ಒಂದು ಸಣ್ಣ ಲೆಕ್ಕವಿದೆ. ನಮ್ಮ ದೇಶದ ಸಾಮಾನ್ಯ ಊಟ ಉಣ್ಣುವ ಒಬ್ಬ ಮನುಷ್ಯನ ಮೈಯಿಂದ ವರ್ಷಕ್ಕೆ ಹೊರಹೋಗುವ ಸಾರಜನಕ ಸುಮಾರು 2.7 ಕಿಲೋ, ರಂಜಕ ಸುಮಾರು 400 ಗ್ರಾಂ. ಏನು ತಿನ್ನುತ್ತೇವೆ ಅನ್ನುವುದರ ಮೇಲೆ ತಜ್ಞರು ಕಟ್ಟಿದ ಅಂದಾಜು ಇದು. 2011ರ ಜನಗಣತಿಯ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9 ಲಕ್ಷ 43 ಸಾವಿರ ದಾಟಿತ್ತು. ಈಗ ಗುಣಿಸಿ ನೋಡಿ. ಎರಡೂವರೆ ಸಾವಿರ ಟನ್ನಿಗೂ ಹೆಚ್ಚು ಸಾರಜನಕ! ಗೊಬ್ಬರದಂಗಡಿಯ 45 ಕಿಲೋ ಚೀಲದ ಲೆಕ್ಕಕ್ಕೆ ಇಳಿಸಿದರೆ ಹತ್ತಿರ ಹತ್ತಿರ ಒಂದೂಕಾಲು ಲಕ್ಷ ಚೀಲ ಯೂರಿಯಾ. ರಂಜಕವನ್ನು ಡಿಎಪಿ ಲೆಕ್ಕದಲ್ಲಿ ಹೇಳಿದರೆ 50 ಕಿಲೋದ ಇನ್ನೊಂದು 37 ಸಾವಿರ ಚೀಲ. ಅದೂ ಒಂದೇ ವರ್ಷದ್ದು. ಮುಂದಿನ ವರ್ಷ ಮತ್ತೆ ಅಷ್ಟೇ. ಅದರಾಚೆಯ ವರ್ಷ, ಊರು ಬೆಳೆದ ಹಾಗೆ, ಇನ್ನಷ್ಟು.

ಇದೆಲ್ಲ ಒಂದೇ ಕಡೆ ಬಂದು ಬೀಳುವುದಿಲ್ಲ, ಒಪ್ಪಿದೆ. ಸೆಪ್ಟಿಕ್ ಟ್ಯಾಂಕಿಗೆ ಒಂದು ಪಾಲು, ನೆಲಕ್ಕೆ ಒಂದು ಪಾಲು, ಗಾಳಿಗೆ ಒಂದು ಪಾಲು ಹೋಗುತ್ತದೆ. ಆದರೂ ಗಟಾರದ ಮುಂದೆ ಮೂಗು ಮುಚ್ಚಿಕೊಂಡು ದಾಟುವಾಗ ಕಾಲ ಕೆಳಗೆ ಹರಿಯುತ್ತಿರುವುದು ಏನು ಅಂತ ಒಮ್ಮೆ ಹೊಳೆದರೆ ಸಾಕು, ಆಮೇಲೆ ಆ ನೀರನ್ನು ಮೊದಲಿನ ಕಣ್ಣಿನಿಂದ ನೋಡುವುದು ಆಗುವುದಿಲ್ಲ.

ಉಣಕಲ್ ಅಂದರೆ ಹುಬ್ಬಳ್ಳಿಯವರಿಗೆ ಕೆರೆ. ಸುಮಾರು 200 ಎಕರೆಯ ನೀರು, ನಡುವೆ ವಿವೇಕಾನಂದರ ಮೂರ್ತಿ, ಸಂಜೆಯಾದರೆ ದಂಡೆಯ ಮೇಲೆ ಗಿರ್ಮಿಟ್ಟು ಮಿರ್ಚಿಯ ಘಮ. ಊರೊಳಗೆ ಕಲ್ಯಾಣ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ, ಸಿದ್ಧಪ್ಪಜ್ಜನ ಸನ್ನಿಧಿ. ಒಂದು ಕಾಲಕ್ಕೆ ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಕೆರೆ ಇದು. ಊರು ಬೆಳೆಯಿತು, ನೀರಸಾಗರದ ನೀರು ಬಂತು, ಸವದತ್ತಿ ಕಡೆಯಿಂದ ಮಲಪ್ರಭೆ ಬಂದಳು. ಉಣಕಲ್ ಕೆರೆಗೆ ಬಂದದ್ದು ಸುತ್ತಲಿನ ಬಡಾವಣೆಗಳ ಚರಂಡಿ, ಅದರ ಬೆನ್ನಿಗೇ ಅಂತರಗಂಗೆ. ಪಾಲಿಕೆ ತೆಗೆಸಿದಷ್ಟೂ ಮತ್ತೆ ಹಬ್ಬುವ ಆ ಹಸಿರು ಚಾಪೆಯನ್ನು ನಾವು ಪೀಡೆ ಅನ್ನುತ್ತೇವೆ. ಅದೇ ಕಳೆಯನ್ನು ಪ್ರಯೋಗಾಲಯದ ವರದಿ ಅಂತಲೂ ಓದಬಹುದು. ಎರಡು ವಾರದೊಳಗೆ ತನ್ನನ್ನು ತಾನು ದುಪ್ಪಟ್ಟು ಮಾಡಿಕೊಳ್ಳಬಲ್ಲ ಗಿಡ ಅದು. ಬರೀ ನೀರು ಕುಡಿದು ಹಾಗೆ ಬೆಳೆಯಲಾರದು. ಕೆಳಗೆ ಗೊಬ್ಬರ ಇದೆ ಅಂತ ಅದು ಎಲೆ ಎತ್ತಿ ಹೇಳುತ್ತಿದೆ!

ಕೆರೆಯ ಕೋಡಿಯಿಂದ ಹೊರಡುವ ಉಣಕಲ್ ನಾಲಾ ಹುಬ್ಬಳ್ಳಿಯ ನಡುವೆ ಹಾಯುತ್ತದೆ. ದಾರಿಯುದ್ದಕ್ಕೂ ಮನೆ, ಹೋಟೆಲು, ಗ್ಯಾರೇಜುಗಳ ನೀರು ಕೂಡಿಕೊಂಡು ಬಣ್ಣ ಕಪ್ಪಾಗುತ್ತ ಹೋಗುತ್ತದೆ. ಇದರ ದಂಡೆಗೇ ಸೈಕಲ್ ದಾರಿ, ಕಾಲುದಾರಿ, ಹಸಿರು ಮಾಡುವ ಯೋಜನೆ 2019ರಲ್ಲಿ ಆಯ್ಕೆಯಾಯಿತು. ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಎಎಫ್‌ಡಿ, ಐರೋಪ್ಯ ಒಕ್ಕೂಟ ಮತ್ತು ಕೇಂದ್ರ ಸರ್ಕಾರ ಸೇರಿ ನಡೆಸಿದ ಸ್ಪರ್ಧೆಯಲ್ಲಿ ದೇಶದ 12 ನಗರಗಳ ಯೋಜನೆ ಗೆದ್ದವು, ಅವುಗಳಲ್ಲಿ ನಮ್ಮದೂ ಒಂದು. ಒಳ್ಳೆಯದೇ. ಆದರೆ ನಾಲಾದ ದಂಡೆಯಷ್ಟೇ ಚಂದ ಮಾಡಿ ಒಳಗಿನದನ್ನು ಮರೆತರೆ, ನನ್ನ ಮಟ್ಟಿಗೆ, ಅರ್ಧ ಕೆಲಸವೇ ಆದಂತೆ.

ಒಳಗಿನದನ್ನು ಮರೆಯದವರು ಹುಬ್ಬಳ್ಳಿಯ ದಕ್ಷಿಣದ ರೈತರು. ಬಿಡನಾಳ, ಗಬ್ಬೂರು, ಬುಡರಸಿಂಗಿ, ಕಟನೂರು. ಇಲ್ಲಿನ ಹೊಲಗಳಿಗೆ ನಾಲಾಕ್ಕೆ ಪಂಪ್ ಇಳಿಸಿ ನೀರು ಎತ್ತುವುದು ದಶಕಗಳ ರೂಢಿ. ಮುಂಗಾರು ಕೈಕೊಟ್ಟರೂ ಕೈಕೊಡದ ನೀರು ಇದು; ಊರು ಜಳಕ ಮಾಡುವುದನ್ನು ನಿಲ್ಲಿಸುವುದಿಲ್ಲವಲ್ಲ! ಯೋಚನೆ ಮಾಡಿ. ಮಲಪ್ರಭೆಯ ಜಲಾಶಯದಿಂದ ಎತ್ತಿದ ನೀರು ಕೊಳವೆಯಲ್ಲಿ ಹುಬ್ಬಳ್ಳಿಯ ನಲ್ಲಿಗೆ ಬಂದು, ಅಡುಗೆಮನೆ ಬಚ್ಚಲುಮನೆ ದಾಟಿ, ಗಟಾರ ಹಿಡಿದು, ನಾಲಾ ಸೇರಿ, ಬಿಡನಾಳದ ಎರೆ ಹೊಲದ ಬದನೆ ಗಿಡದ ಬುಡಕ್ಕೆ ಇಳಿಯುತ್ತದೆ. ಯಾವ ನೀರಾವರಿ ಇಲಾಖೆಯೂ ನಕಾಶೆಯಲ್ಲಿ ಬರೆಯದ, ಯಾವ ಮಂತ್ರಿಯೂ ಶಂಕುಸ್ಥಾಪನೆ ಮಾಡದ ಕಾಲುವೆ!

ಇದನ್ನು ಕಂಡು ಬೆರಗಾದವರು ದೂರದಿಂದಲೂ ಬಂದರು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಿ. ಎಸ್. ಹುಣಶಾಳ ಅವರೂ ಬ್ರಿಟನ್ನಿನ ಆಂಡ್ರ್ಯೂ ಬ್ರಾಡ್‌ಫರ್ಡ್, ರಾಬರ್ಟ್ ಬ್ರೂಕ್ ಅವರೂ ಸೇರಿ ಅವಳಿ ನಗರದ ಕೊಳಚೆ ನೀರಾವರಿಯ ಅಧ್ಯಯನ ನಡೆಸಿ 2003ರಲ್ಲಿ ಪ್ರಕಟಿಸಿದರು. ಪೇಟೆ ಹತ್ತಿರ ಇದ್ದಲ್ಲಿ ಕಾಯಿಪಲ್ಲೆ, ಬೇರೆ ಕಡೆ ಹೊಲದ ಬೆಳೆಯ ಜೊತೆ ಕಾಯಿಪಲ್ಲೆ, ಇನ್ನು ಕೆಲವು ಕಡೆ ಗಿಡಮರದ ನಡುವೆ ಬೆಳೆ. ಹೀಗೆ ಒಂದೇ ನೀರಿನ ಮೇಲೆ ಬೇರೆ ಬೇರೆ ಬೇಸಾಯ ನಿಂತಿದ್ದವು. ಗೊಬ್ಬರದ ಖರ್ಚು ಉಳಿಯುತ್ತದೆ ಅನ್ನುವುದನ್ನು ರೈತರು ಬಲ್ಲರು. ಅದೇ ನೀರಿನ ಇನ್ನೊಂದು ಮುಖವನ್ನೂ ಅಧ್ಯಯನ ಮುಚ್ಚಿಡಲಿಲ್ಲ. ಕಳೆ ವಿಪರೀತ, ಕೀಟ ವಿಪರೀತ, ಅದರಿಂದಾಗಿ ಔಷಧಿ ಸಿಂಪಡಣೆ ವಿಪರೀತ. ಬರಿಗಾಲಲ್ಲಿ ಮಡಿಗೆ ಇಳಿದವರಿಗೆ ಕೊಕ್ಕೆಹುಳದ ಭಯ. ಆ ಸೊಪ್ಪನ್ನು ಹಸಿಯಾಗಿ ತಿನ್ನುವ ನಮಗೂ ಭಯ ತಪ್ಪಿದ್ದಲ್ಲ.

ಅಂದರೆ ರೈತನಿಗೆ ಗೊಬ್ಬರ ಬೇಕು, ರೋಗ ಬೇಡ. ಇಷ್ಟು ಸರಳ ಬೇಡಿಕೆ. ನಮ್ಮ ಶುದ್ಧೀಕರಣ ಘಟಕಗಳು ಏನು ಮಾಡುತ್ತವೆ ಅಂತ ನೋಡಹೊರಟರೆ ಬೆರಗಿನ ಎರಡನೇ ಬಾಗಿಲು ತೆರೆಯುತ್ತದೆ.

ಗಾಳಿ ಊದುವ ತೊಟ್ಟಿಯ ಪಕ್ಕ ಒಮ್ಮೆ ನಿಂತು ನೋಡಬೇಕು. ಚಹಾದ ಬಣ್ಣದ ನೀರು ಕುದಿಯುವಂತೆ ಉಕ್ಕುತ್ತಿರುತ್ತದೆ; ಘಟಕ ಸರಿಯಾಗಿ ನಡೆಯುತ್ತಿದ್ದರೆ ಮೂಗಿಗೆ ಬರುವುದು ಹೊಲಸು ನಾತವಲ್ಲ, ಮಳೆ ಬಿದ್ದ ಮಣ್ಣಿನ ವಾಸನೆ. ಅಲ್ಲಿನ ಆಪರೇಟರ್ ಆ ನೀರನ್ನು ಒಂದು ಲೀಟರಿನ ಉದ್ದ ಗಾಜಿನ ಕೊಳವೆಗೆ ತುಂಬಿ ಅರ್ಧ ಗಂಟೆ ಅಲುಗದಂತೆ ಇಡುತ್ತಾನೆ. ಕಣ್ಣೆದುರಿಗೇ ಕಂದು ಮೋಡವೊಂದು ನಿಧಾನ ಕೆಳಗಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಕೆಳಗೆ ಎಷ್ಟು ಗೆರೆ ಕೂತಿತು ಅನ್ನುವುದರಲ್ಲೇ ಘಟಕದ ಆರೋಗ್ಯ ಗೊತ್ತಾಗುತ್ತದೆ. ಆ ಕೆಸರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ಅಬ್ಬಾ! ಗಂಟೆಯಾಕಾರದ ಜೀವಿಗಳು ದಂಟಿನ ಮೇಲೆ ನಿಂತು ಬ್ಯಾಕ್ಟೀರಿಯಾಗಳನ್ನು ಸುಳಿಯಂತೆ ಬಾಯಿಗೆ ಸೆಳೆದುಕೊಳ್ಳುತ್ತಿರುತ್ತವೆ. ಸ್ವಲ್ಪ ಅದುರಿದರೆ ದಂಟು ಸ್ಪ್ರಿಂಗಿನ ಹಾಗೆ ಸರ್ರನೆ ಸುರುಳಿಯಾಗಿ, ಮತ್ತೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ವೋರ್ಟಿಸೆಲ್ಲಾ ಇದರ ಹೆಸರು. ಇವು ಹೇರಳವಾಗಿ ಕಂಡರೆ ಘಟಕ ಕ್ಷೇಮ.

ಈ ಪದ್ಧತಿ ಹುಟ್ಟಿದ್ದು ಮ್ಯಾಂಚೆಸ್ಟರಿನಲ್ಲಿ, 1914ರಲ್ಲಿ. ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಕೊಳಚೆ ನೀರಿಗೆ ಗಾಳಿ ಊದಿ, ಕೆಳಗೆ ಕೂತ ಕೆಸರನ್ನು ಚೆಲ್ಲದೆ ಮತ್ತೆ ಹೊಸ ಕೊಳಚೆಗೆ ಬೆರೆಸಿ ನೋಡಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಲ್ಲಿ ಮುಗಿಯಿತು. ಅವರಿಗೆ ಆ ದಾರಿ ತೋರಿಸಿದವರು ಗಿಲ್ಬರ್ಟ್ ಫೌಲರ್. ಈ ಫೌಲರ್ ಮುಂದೆ ಎಲ್ಲಿಗೆ ಬಂದರು ಅಂತೀರಿ? ಬೆಂಗಳೂರಿಗೆ! 1916ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಗೆ. ಇಡೀ ಜಗತ್ತಿನ ಚರಂಡಿ ನೀರು ತೊಳೆಯುವ ತಂತ್ರದ ಹಿಂದಿದ್ದ ಮನುಷ್ಯ ಕರ್ನಾಟಕದಲ್ಲಿ ಜೀವರಸಾಯನಶಾಸ್ತ್ರ ಕಲಿಸಿದ. ಅಷ್ಟೇ ಅಲ್ಲ, 1934ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ವಿಷಯ ಸಾರಜನಕವನ್ನು ಉಳಿಸಿಕೊಳ್ಳುವುದು ಹೇಗೆ ಅನ್ನುವುದು. ನೀರು ತಿಳಿಯಾದರೆ ಸಾಲದು, ಅದರೊಳಗಿನ ಸತ್ವ ಹೊಲಕ್ಕೆ ಹೋಗಬೇಕು ಅನ್ನುವ ಹಂಬಲ ಅದು. ಜಗತ್ತು ಅವರ ಮೊದಲ ಮಾತನ್ನು ಹಿಡಿಯಿತು, ಎರಡನೆಯದನ್ನು ಕೈಬಿಟ್ಟಿತು.

ಕೈಬಿಟ್ಟ ಪರಿಣಾಮ ಎಂಥದು ನೋಡಿ. ಗಾಳಿಯಲ್ಲಿ ಇರುವ ಸಾರಜನಕವನ್ನು ಹಿಡಿದು ಅಮೋನಿಯಾ ಮಾಡಲು 400 ಡಿಗ್ರಿ ದಾಟಿದ ಶಾಖ ಬೇಕು, ನೂರಾರು ಪಟ್ಟು ವಾಯುಒತ್ತಡ ಬೇಕು. ಹಾಬರ್ ಮತ್ತು ಬಾಷ್ ಕಂಡುಹಿಡಿದ ಈ ವಿಧಾನಕ್ಕೆ ಜಗತ್ತಿನ ಒಟ್ಟು ಇಂಧನದಲ್ಲಿ ನೂರಕ್ಕೆ ಒಂದೆರಡು ಪಾಲು ಖರ್ಚಾಗುತ್ತದೆ. ಅಷ್ಟು ಸುಟ್ಟು ಯೂರಿಯಾ ಮಾಡಿ, ಹೊಲಕ್ಕೆ ಹಾಕಿ, ಜೋಳ ಬೆಳೆದು, ರೊಟ್ಟಿ ತಿಂದು, ಉಳಿದದ್ದನ್ನು ಗಟಾರಕ್ಕೆ ಬಿಡುತ್ತೇವೆ. ಹೊಸ ಮಾದರಿಯ ಘಟಕ ಅದನ್ನು ಏನು ಮಾಡುತ್ತದೆ? ಕರೆಂಟ್ ಸುಟ್ಟು, ಬ್ಯಾಕ್ಟೀರಿಯಾಗಳಿಂದ ಅಮೋನಿಯಾವನ್ನು ನೈಟ್ರೇಟ್ ಮಾಡಿಸಿ, ನೈಟ್ರೇಟನ್ನು ಮತ್ತೆ ಸಾರಜನಕ ಮಾಡಿಸಿ ಗಾಳಿಗೆ ಬಿಡುತ್ತದೆ! ಹಿಡಿಯಲೂ ಇಂಧನ, ಬಿಡಲೂ ಇಂಧನ. ಘಟಕದ ಪಕ್ಕದ ಹೊಲದವನು ಅದೇ ಹೊತ್ತಿಗೆ ಯೂರಿಯಾ ಚೀಲಕ್ಕೆ ಸೊಸೈಟಿ ಮುಂದೆ ಪಾಳಿ ಹಚ್ಚಿರುತ್ತಾನೆ.

ತಗ್ಗಿನ ಕೆರೆ, ಹಳ್ಳ, ನದಿಗೆ ಸಾರಜನಕ ಹೋಗಬಾರದು ಅನ್ನುವುದು ಸರಿಯೇ. ಉಣಕಲ್ಲಿನ ಅಂತರಗಂಗೆಯೇ ಅದಕ್ಕೆ ಸಾಕ್ಷಿ. ತೆಗೆಯಲೇಬೇಕಾದಲ್ಲಿ ಕಡಿಮೆ ಖರ್ಚಿನ ದಾರಿ ಇದೆ, ಅದರ ಕಥೆಯೋ ಪತ್ತೇದಾರಿ ಕಾದಂಬರಿ. 1977ರಲ್ಲಿ ಎಂಗಲ್‌ಬರ್ಟ್ ಬ್ರೋಡಾ ಎಂಬ ಆಸ್ಟ್ರಿಯಾದ ವಿಜ್ಞಾನಿ ಬರೀ ಲೆಕ್ಕದ ಬಲದಿಂದ, ಗಾಳಿಯಿಲ್ಲದೆಯೇ ಅಮೋನಿಯಾವನ್ನು ಸಾರಜನಕವಾಗಿ ಮಾಡುವ ಜೀವಿಯೊಂದು ಪ್ರಕೃತಿಯಲ್ಲಿ ಇರಲೇಬೇಕು ಅಂದ. ಯಾರೂ ಕಂಡಿರಲಿಲ್ಲ. 1990ರ ದಶಕದಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಯೀಸ್ಟ್ ಕಾರ್ಖಾನೆಯೊಂದರ ಕೊಳಚೆ ತೊಟ್ಟಿಯಲ್ಲಿ ಅದು ಸಿಕ್ಕಿತು. ಕೆಂಪು ಬಣ್ಣದ, ಭಾರಿ ಸೋಮಾರಿ ಬ್ಯಾಕ್ಟೀರಿಯಾ; ಒಂದು ಎರಡಾಗಲು ಒಂದೆರಡು ವಾರ ತೆಗೆದುಕೊಳ್ಳುತ್ತದೆ. 2002ರಲ್ಲಿ ರಾಟರ್‌ಡ್ಯಾಮಿನಲ್ಲಿ ಇದರ ಮೊದಲ ದೊಡ್ಡ ಘಟಕ ನಿಂತಿತು. ಇದಕ್ಕೆ ಬೆಚ್ಚಗಿನ ನೀರು ಇಷ್ಟ, 30 ಡಿಗ್ರಿಯ ಆಸುಪಾಸು. ಯುರೋಪಿನವರು ಕಾಸು ಕೊಟ್ಟು ಕಾಯಿಸಬೇಕಾದ ಶಾಖವನ್ನು ಹುಬ್ಬಳ್ಳಿಯ ಏಪ್ರಿಲ್ ಪುಕ್ಕಟೆ ಕೊಡುತ್ತದೆ!

ರಂಜಕದ ಕಥೆ ಇನ್ನೂ ವಿಚಿತ್ರ. ಅದು ಮೊಟ್ಟಮೊದಲು ಮನುಷ್ಯನ ಕೈಗೆ ಸಿಕ್ಕಿದ್ದೇ ಮೂತ್ರದಿಂದ. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಬಂಗಾರ ಮಾಡುತ್ತೇನೆಂದು ಕೊಪ್ಪರಿಗೆಗಟ್ಟಲೆ ಮೂತ್ರ ಕಾಯಿಸಿದ. ಬಂಗಾರ ಬರಲಿಲ್ಲ, ಕತ್ತಲಲ್ಲಿ ಹೊಳೆಯುವ ರಂಜಕ ಬಂತು. ಇಂದು ಗೊಬ್ಬರಕ್ಕೆ ಬೇಕಾದ ರಂಜಕದ ಕಲ್ಲಿಗೆ ಭಾರತ ಬಹುಪಾಲು ಹೊರದೇಶಗಳನ್ನೇ ನೆಚ್ಚಿದೆ. ಜಗತ್ತಿನ ನಿಕ್ಷೇಪದ ಸಿಂಹಪಾಲು ಮೊರಾಕೊ ಕಡೆ ಇದೆ. ಇತ್ತ ಕೊಳಚೆ ಘಟಕಗಳ ಕೊಳವೆಯೊಳಗೆ ಬಿಳಿ ಗಾರೆಯಂಥ ಪದಾರ್ಥ ಕಟ್ಟಿಕೊಂಡು ಇಂಜಿನಿಯರುಗಳ ಜೀವ ತಿನ್ನುತ್ತಿತ್ತು. ಪರೀಕ್ಷಿಸಿದರೆ ಮೆಗ್ನೀಸಿಯಂ, ಅಮೋನಿಯಾ, ರಂಜಕ ಸೇರಿ ಕಟ್ಟಿದ ಹರಳು, ಹೆಸರು ಸ್ಟ್ರುವೈಟ್. ಕೆಲವರ ಮೂತ್ರಪಿಂಡದಲ್ಲಿ ಕಟ್ಟುವ ಕಲ್ಲೂ ಇದೇ ಖನಿಜ! ಒಂದು ಊರಿನ ಘಟಕಕ್ಕೂ ಒಬ್ಬ ಮನುಷ್ಯನ ಹೊಟ್ಟೆಗೂ ಒಂದೇ ರೋಗ. ಆಮೇಲೆ ಯಾರಿಗೋ ಬುದ್ಧಿ ಹೊಳೆಯಿತು, ಕೊಳವೆಯಲ್ಲಿ ಕಟ್ಟುವ ಬದಲು ಬೇರೆ ತೊಟ್ಟಿಯಲ್ಲಿ ಬೇಕೆಂದೇ ಕಟ್ಟಿಸಿದರೆ? ಮೆಗ್ನೀಸಿಯಂ ಸ್ವಲ್ಪ ಬೆರೆಸಿದರೆ ಸಾಸಿವೆ ಕಾಳಿನಿಂದ ಕಡಲೆವರೆಗಿನ ಗಾತ್ರದ ಬಿಳಿ ಗುಂಡುಗಳು ಉದುರುತ್ತವೆ. ಗಿಡ ಕೇಳಿದಷ್ಟೇ ನಿಧಾನವಾಗಿ ಕರಗುವ ಗೊಬ್ಬರ. ಕೆನಡಾದ ಎಡ್ಮಂಟನ್ನಿನಲ್ಲಿ 2007ರಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದಾರೆ.

ಇನ್ನೊಂದು ಬೆಚ್ಚಿಬೀಳಿಸುವ ಸಂಗತಿ. ಕೊಳಚೆ ನೀರಿನ ಒಟ್ಟು ಗಾತ್ರದಲ್ಲಿ ಮೂತ್ರ ನೂರಕ್ಕೆ ಒಂದು ಪಾಲು ಮಾತ್ರ. ಸಾರಜನಕದಲ್ಲಿ ಅದರ ಪಾಲು ನೂರಕ್ಕೆ 80! ಅಂದರೆ ಆ ಒಂದು ಪಾಲನ್ನು ಹುಟ್ಟಿದಲ್ಲೇ ಬೇರೆ ಮಾಡಿಬಿಟ್ಟರೆ, ಉಳಿದ ತೊಂಬತ್ತೊಂಬತ್ತು ಪಾಲಿನ ಕೆಲಸ ಎಷ್ಟು ಹಗುರ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಅರ್ಘ್ಯಂ ಸಂಸ್ಥೆಯ ನೆರವಿನಿಂದ ಮೆಕ್ಕೆಜೋಳ, ಬಾಳೆ, ಮೂಲಂಗಿಗೆ ಮಾನವ ಮೂತ್ರ ಉಣಿಸಿ ನೋಡಿದ ಪ್ರಯೋಗಗಳು ನಡೆದಿವೆ. ಸ್ವಿಟ್ಜರ್ಲೆಂಡಿನಲ್ಲಿ ಮೂತ್ರದಿಂದ ಮಾಡಿದ ಔರಿನ್ ಎಂಬ ದ್ರವಗೊಬ್ಬರಕ್ಕೆ 2018ರಲ್ಲಿ ತರಕಾರಿಗೂ ಬಳಸಲು ಸರ್ಕಾರದ ಪರವಾನಗಿ ಸಿಕ್ಕಿತು. ಹುಬ್ಬಳ್ಳಿಯ ಬಸ್ ನಿಲ್ದಾಣಗಳು, ಕಾಲೇಜುಗಳು, ರೈಲು ನಿಲ್ದಾಣದ ಮೂತ್ರಾಲಯಗಳು ಇಲ್ಲಿಂದ ಶುರು ಮಾಡಬಹುದಲ್ಲವೇ?

ಹಾಗಾದರೆ ಉಣಕಲ್ ನಾಲಾದ ನೀರಿಗೆ ಹೊಸದಾಗಿ ಘಟಕ ಕಟ್ಟುವುದಾದರೆ ಹೇಗೆ ಕಟ್ಟಬೇಕು? ಹಳೆಯ ಕ್ರಮದಲ್ಲಿ ಕೊಳಚೆ ಬಂದ ಕೂಡಲೇ ಗಾಳಿ ಊದುತ್ತಾರೆ. ಘಟಕದ ಕರೆಂಟ್ ಬಿಲ್ಲಿನ ಅರ್ಧದಷ್ಟು ಹೋಗುವುದೇ ಆ ಗಾಳಿಗೆ. ನಮ್ಮ ಬೆಚ್ಚಗಿನ ಹವೆಗೆ ಅದು ಉಲ್ಟಾ ಆಗಬೇಕು. ಮೊದಲು ಗಾಳಿಯಿಲ್ಲದ ಮುಚ್ಚಿದ ತೊಟ್ಟಿ, ಅಲ್ಲಿ ಸೂಕ್ಷ್ಮಜೀವಿಗಳು ಹೊಲಸನ್ನು ಜೀರ್ಣಿಸಿ ಮೀಥೇನ್ ಬಿಡುತ್ತವೆ. ಹಳ್ಳಿಯ ಗೋಬರ್ ಗ್ಯಾಸಿನದೇ ವಿದ್ಯೆ. ಕೂತ ಕೆಸರಿನಿಂದಲೂ ಗ್ಯಾಸು, ಗ್ಯಾಸಿನಿಂದ ಕರೆಂಟು. ಡೆನ್ಮಾರ್ಕಿನ ಆರ್‌ಹುಸ್ ನಗರದ ಮಾರ್ಸೆಲಿಸ್‌ಬೋರ್ಗ್ ಘಟಕ ತಾನು ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ಕೊಳಚೆಯಿಂದಲೇ ತೆಗೆಯುತ್ತದೆ, ಅದೂ ಆ ಚಳಿಯ ದೇಶದಲ್ಲಿ!

ಮುಂದಿನದು ನನಗೆ ಎಲ್ಲಕ್ಕಿಂತ ರೋಮಾಂಚನ ತಂದ ವಿಚಾರ. ಘಟಕವು ಪಂಚಾಂಗ ನೋಡಿ ನಡೆಯಬೇಕು! ಹಿಂಗಾರು ಮುಗಿದು ಬೇಸಿಗೆ ತನಕ ಬಿಡನಾಳ, ಕಟನೂರಿನ ಹೊಲಗಳಿಗೆ ನೀರೂ ಬೇಕು, ಸಾರಜನಕವೂ ಬೇಕು. ಆಗ ಸಾರಜನಕ ತೆಗೆಯುವ ಹಂತ ಬಂದ್. ಹೊಲಸು ತೆಗೆದ, ಗೊಬ್ಬರ ಉಳಿಸಿಕೊಂಡ ನೀರು ಹೊಲಕ್ಕೆ. ಮುಂಗಾರು ಹಿಡಿದಾಗ ಯಾರಿಗೂ ಆ ನೀರು ಬೇಡ, ಅದು ಹಳ್ಳ ಸೇರುತ್ತದೆ. ಆಗ ಆ ಹಂತ ಚಾಲೂ, ಹಳ್ಳಕ್ಕೆ ತಿಳಿನೀರು. ಎರಡೂ ಕಾಲಕ್ಕೆ ತಪ್ಪದೇ ಬೇಕಾದದ್ದು ಒಂದೇ, ಜಂತುಹುಳದ ತತ್ತಿ ತೆಗೆಯುವುದು. ಲೀಟರಿಗೆ ಒಂದಕ್ಕಿಂತ ಹೆಚ್ಚು ತತ್ತಿ ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹೇಳಿತು. ಅದಕ್ಕೆ ರಾಕೆಟ್ ವಿಜ್ಞಾನ ಬೇಡ. ಸಾಲು ಹೊಂಡಗಳಲ್ಲಿ ನೀರನ್ನು ಎಂಟು ಹತ್ತು ದಿನ ಸುಮ್ಮನೆ ನಿಲ್ಲಿಸಿದರೆ ತತ್ತಿ ತಳಕ್ಕಿಳಿಯುತ್ತದೆ, ಬಿಸಿಲು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಬೇಕಾದದ್ದು ಜಾಗ. ನಗರದಂಚಿನ ಜಮೀನಿನ ಬೆಲೆ ಕೇಳಿದರೆ ಎದೆ ಒಡೆಯುತ್ತದೆ, ಆ ಕಷ್ಟ ಮಾತ್ರ ನಿಜವಾದ ಕಷ್ಟ.

ಹೊಲದವರು ಒಪ್ಪುತ್ತಾರೆಯೇ ಅನ್ನುವ ಸಂಶಯಕ್ಕೆ ಕೋಲಾರದ ಕಡೆ ನೋಡಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ದಿನಕ್ಕೆ 44 ಕೋಟಿ ಲೀಟರ್, ನೂರಕ್ಕೂ ಹೆಚ್ಚು ಕೆರೆ ತುಂಬಿಸುವ ಗುರಿ. ಮುಂದಿನ ತಿಂಗಳೇ ನೊರೆ ಎದ್ದು ಊರೆಲ್ಲ ಗುಲ್ಲು. ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಆಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗು ನ್ಯಾಯವಾದದ್ದೇ. ಆದರೆ ವರ್ಷಗಟ್ಟಲೆ ಒಣಗಿದ್ದ ಕೊಳವೆಬಾವಿಗಳಲ್ಲಿ ಮತ್ತೆ ನೀರು ಕಂಡ ರೈತನ ಮುಂದೆ ನಿಂತು ಅದು ಬೇಡ ಅನ್ನುವ ಧೈರ್ಯ ಯಾರಿಗಿದೆ?

ಇಷ್ಟೆಲ್ಲ ಬೆರಗಿನ ನಡುವೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಸಂಪತ್ತನ್ನು ತಲೆತಲಾಂತರದಿಂದ ಕೈಯಲ್ಲಿ ಮುಟ್ಟಿದವರು ಯಾರು, ಮುಟ್ಟುವಂತೆ ಮಾಡಿದವರು ಯಾರು ಅಂತ ಎಲ್ಲರಿಗೂ ಗೊತ್ತು. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ ಕರ್ನಾಟಕ ನಿಷೇಧಿಸಿತು. 2013ರಲ್ಲಿ ದೇಶದ ಹೊಸ ಕಾನೂನು ಬಂತು. ಮ್ಯಾನ್‌ಹೋಲಿನ ಸಾವು ನಿಂತಿಲ್ಲ. ಯಾವ ಹೊಸ ಘಟಕದ ನಕ್ಷೆಯೇ ಇರಲಿ, ಮನುಷ್ಯ ಒಳಗಿಳಿಯಬೇಕಾದ ಒಂದೇ ಒಂದು ಗುಂಡಿ ಅದರಲ್ಲಿದ್ದರೆ ಆ ನಕ್ಷೆಯನ್ನು ವಾಪಸು ಕಳಿಸಬೇಕು.

ಕೆಸರಿನ ಪಾಡೇನು? ಇದಕ್ಕೂ ಉತ್ತರ ಇಲ್ಲೇ ಹುಟ್ಟಿತ್ತು. 1939ರಲ್ಲಿ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯರು ಊರಿನ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರ ಪದರವಾಗಿ ಹಾಕಿ, ಮಣ್ಣು ಮುಚ್ಚಿ, ತಿಂಗಳುಗಟ್ಟಲೆ ಕೊಳೆಯಲು ಬಿಡುವ ಕ್ರಮ ರೂಪಿಸಿದರು. ಪಠ್ಯಪುಸ್ತಕಗಳಲ್ಲಿ ಇಂದಿಗೂ ಅದರ ಹೆಸರು ಬೆಂಗಳೂರು ಪದ್ಧತಿ. ಹುಬ್ಬಳ್ಳಿ-ಧಾರವಾಡದಲ್ಲಿ ಪಾಲಿಕೆಯ ಕಸದ ಗುಂಡಿಗಳ ಗೊಬ್ಬರವನ್ನು ಹರಾಜು ಕೂಗುತ್ತಿದ್ದರು. ಸುತ್ತಲಿನ ರೈತರು ಬಂದು ಬೆಲೆ ಕಟ್ಟಿ ಒಯ್ಯುತ್ತಿದ್ದರು. ಆಮೇಲೆ ಗುಂಡಿಯೊಳಗೆ ಪ್ಲಾಸ್ಟಿಕ್ಕು, ಗಾಜಿನ ಚೂರು ಹೆಚ್ಚಿದವು, ಕೊಳ್ಳುವವರು ಹಿಂದೆ ಸರಿದರು. ಗೊಬ್ಬರ ಬೇಡವಾಗಿ ಅಲ್ಲ, ಕಾಲಿಗೆ ಚುಚ್ಚಿದ್ದಕ್ಕೆ. ನಾಲಾದ ನೀರಿಗೂ ಕೆಸರಿಗೂ ಇದೇ ನಿಯಮ. ಗ್ಯಾರೇಜಿನ ಎಣ್ಣೆ, ಲೋಹಕ್ಕೆ ಲೇಪ ಕೊಡುವ ಸಣ್ಣ ಕಾರ್ಖಾನೆಗಳ ನೀರು, ಆಸ್ಪತ್ರೆಯ ಸೂಜಿ, ಇವು ನಾಲಾಕ್ಕೆ ಸೇರುವ ಮೊದಲೇ ಅವುಗಳ ಬಾಗಿಲಲ್ಲೇ ಬೇರೆಯಾಗಬೇಕು. ಒಮ್ಮೆ ಬೆರೆತವೆಂದರೆ ಕೆಸರಿನಿಂದ ಕ್ರೋಮಿಯಂ ಹೆಕ್ಕಿ ತೆಗೆಯುವ ಖರ್ಚು ಯಾವ ಪಾಲಿಕೆಗೂ ನಿಲುಕದು. ಬೆರೆಯದಿದ್ದರೆ ಗಬ್ಬೂರಿನಲ್ಲಿ ಮತ್ತೆ ಹರಾಜು ಕೂಗಬಹುದು, ಸರ್ಕಾರದ ಸವಾಲು ಎಷ್ಟಿರಬೇಕು ಅನ್ನುವುದೊಂದೇ ಚರ್ಚೆ.